ವಂಗೆಲಿಯೊಳ ಹೆಸರು

೬ ಅಕ್ಟೋಬರ್ ೧೯೪೦, ಭಾನುವಾರ. ವೋಲೋಸ್, ಗ್ರೀಸ್

ನಮ್ಮ ಯೆಹೂದಿಗಳ ಹೊಸ ವರ್ಷದ ಹಬ್ಬ ಎರಡು ದಿನ, ಅದರ ಬೆನ್ನಿಗೇ ವಿಶ್ರಾಂತಿಯ ಶನಿವಾರ. ಮೂರು ದಿನ ಪೆನ್ಸಿಲ್ ಮುಟ್ಟುವ ಹಾಗಿರಲಿಲ್ಲ. ನನಗೆ ಹತ್ತು ತುಂಬಿತೆಂದು ನೋನಾ ಕೊಟ್ಟ ಈ ಪುಸ್ತಕ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ನೋನಾ ಅಂದರೆ ಅಪ್ಪನ ತಾಯಿ. ಮನೆಯಲ್ಲಿ ನಾವು ನಾಲ್ಕೇ ಜನ: ನೋನಾ, ಅಪ್ಪ, ಅಮ್ಮ, ಮತ್ತು ಮಾತಿಕಾ ಎಂಬ ನಾನು.

ಅಪ್ಪ ಹಬ್ಬಕ್ಕೆ ಸರಿಯಾಗಿ ಬೆಟ್ಟದಿಂದ ಇಳಿದು ಬಂದರು. ಬೇಸಿಗೆ ಮುಗಿದ ಮೇಲೆ ಅವರು ಪೆಲಿಯನ್ ಬೆಟ್ಟದ ಹಳ್ಳಿಗಳನ್ನು ಸುತ್ತುತ್ತಾರೆ. ಹಳೆಯ ರಜಾಯಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ಹೊಲಿದು ಕೊಡುತ್ತಾರೆ. ಬರುವಾಗ ಹುಬ್ಬಿನಲ್ಲೆಲ್ಲ ಹತ್ತಿ. ಶಾಲೆಯಲ್ಲಿ ನನ್ನನ್ನು ‘ಹತ್ತಿ ಇಲಿಯಾನ ಮಗಳು’ ಎಂದು ಕರೆಯುತ್ತಾರೆ. ಅಪ್ಪನ ಜೊತೆ ಬೀದಿಯಲ್ಲಿ ಹೋಗುವಾಗ ನಾನು ಎರಡು ಹೆಜ್ಜೆ ಹಿಂದೆಯೇ ಇರುತ್ತೇನೆ. ಇದನ್ನು ಇಲ್ಲಿ ಮಾತ್ರ ಬರೆಯಬಹುದು.

ಊಟದ ಹೊತ್ತಿಗೆ ಅಪ್ಪ ಅಸಿಮೀನಾ ಎಂಬ ಬೆಟ್ಟದ ಹೆಂಗಸಿನ ಕಥೆ ಹೇಳಿದರು. ಗಂಡ ಸತ್ತವಳು, ಎರಡು ಮೇಕೆ ಕಟ್ಟಿಕೊಂಡು ಒಬ್ಬಳೇ ಇದ್ದಾಳೆ. ಪ್ರತಿ ವರ್ಷವೂ ಜಗಳವಂತೆ.

“‘ಏನಯ್ಯ ಇಲಿಯಾ, ನಾ ಕೊಟ್ಟಿದ್ದು ಕುರಿಯಷ್ಟು ಹತ್ತಿ, ನೀ ವಾಪಸ್ ತಂದಿರೋದು ಬೆಕ್ಕಿನಷ್ಟು’ ಅಂದ್ಲು,” ಎಂದು ಅಪ್ಪ ಸೊಂಟದ ಮೇಲೆ ಕೈಯಿಟ್ಟು ಅವಳ ಹಾಗೇ ನಿಂತು ತೋರಿಸಿದರು.

“ಆಮೇಲೆ?” ಎಂದರು ನೋನಾ.

“ಆಮೇಲೇನು, ಊಟಕ್ಕೆ ಕೂರಿಸಿದ್ಲು. ಹಂದಿ ಮಾಂಸ ಮುಟ್ಟದ ಪಾತ್ರೆ ಅಂತ ಒಂದನ್ನ ನಂಗೋಸ್ಕರ ಬೇರೆ ಎತ್ತಿಟ್ಟಿದ್ದಾಳೆ. ಅದನ್ನ ಬೇರೆ ಯಾರಿಗೂ ಕೊಡಲ್ವಂತೆ.”

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಮಾತಿಕಾಳ ಅಪ್ಪ ಅಂಥವರ ಮನೆಯ ನೆಲದ ಮೇಲೆ ಕೂತು ಯಾಕೆ ಉಣ್ಣಬೇಕು?

೧೧ ಫೆಬ್ರವರಿ ೧೯೪೨

ಊರಿಗೆ ಶತ್ರು ಸೈನಿಕರು ಬಂದು ವರ್ಷವಾಗುತ್ತ ಬಂತು. ಇಲ್ಲಿ ಇಟಲಿಯವರು, ಉತ್ತರಕ್ಕೆ ಜರ್ಮನರು. ಅಂಗಡಿಯಲ್ಲಿ ಬ್ರೆಡ್ಡಿಲ್ಲ. ಅಮ್ಮ ಗುಡ್ಡದ ಸೊಪ್ಪು ಬೇಯಿಸುತ್ತಾಳೆ, ಎಣ್ಣೆಯಿಲ್ಲ. ರಜಾಯಿ ಹೊಲಿಸುವವರೂ ಇಲ್ಲ.

ಇವತ್ತು ಕೆಳಗಿನ ಮನೆಯ ಸ್ತಮಾತಿಯಾ ಒಂದು ಬೋಗುಣಿ ಹುರುಳಿಕಾಯಿ ಸಾರು ತಂದುಕೊಟ್ಟಳು. ಅವಳಿಗೇ ಇಬ್ಬರು ಮಕ್ಕಳು. ನಾನು ಬಾಗಿಲ ಹಿಂದೆ ನಿಂತುಬಿಟ್ಟೆ. ಧನ್ಯವಾದ ಹೇಳಬೇಕಾಗುತ್ತಲ್ಲ, ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಸಾರನ್ನು ಮಾತ್ರ ಎಲ್ಲರಿಗಿಂತ ಮೊದಲು ಕುಡಿದೆ.

“ಹೇಳೋಕೆ ನಾಚಿಕೆ, ಕುಡಿಯೋಕೆ ಇಲ್ಲ ಅಲ್ವಾ ಪುಟ್ಟಿ?” ಎಂದರು ನೋನಾ.

ನಾನು ಖಾಲಿ ಬೋಗುಣಿ ತೊಳೆಯಲು ಎದ್ದೆ.

೨೮ ಮಾರ್ಚ್ ೧೯೪೩

ಥೆಸಲೊನೀಕಿಯಲ್ಲಿರುವ ಚಿಕ್ಕಮ್ಮ ರೈನಾಳಿಂದ ಆರು ವಾರದಿಂದ ಕಾಗದವಿಲ್ಲ. ಅಲ್ಲಿಯ ಯೆಹೂದಿಗಳೆಲ್ಲ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಂತೆ. ಈಗ ಬೀದಿ ಬೀದಿಯನ್ನೇ ರೈಲು ಹತ್ತಿಸಿ ಪೋಲೆಂಡಿಗೆ ಕಳಿಸುತ್ತಿದ್ದಾರಂತೆ. ಚಿಕ್ಕಮ್ಮನ ಬೀದಿಯೂ ಹೋಯಿತು ಎಂದು ಬಂದರಿನಲ್ಲಿ ಯಾರೋ ಅಪ್ಪನಿಗೆ ಹೇಳಿದರು.

“ಪೋಲೆಂಡಲ್ಲಿ ಏನು ಕೆಲಸ ಕೊಡ್ತಾರೆ? ರೈನಾಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ,” ಎಂದಳು ಅಮ್ಮ.

೫ ಅಕ್ಟೋಬರ್ ೧೯೪೩

ಊರಿನ ಹೆಸರನ್ನು ಇಲ್ಲಿ ಬರೆಯಬಾರದು ಎಂದು ಅಪ್ಪ ಹೇಳಿದ್ದಾರೆ. ಬೆಟ್ಟದ ಮೇಲಿದ್ದೇನೆ, ಅಷ್ಟು ಸಾಕು.

ಇಟಲಿಯವರು ಹೋಗಿ ಕಳೆದ ತಿಂಗಳು ವೋಲೋಸಿಗೂ ಜರ್ಮನರು ಬಂದರು. ಹೊಸ ವರ್ಷದ ದಿನವೇ ನಮ್ಮ ಪ್ರಾರ್ಥನಾ ಮಂದಿರಕ್ಕೆ ಸುದ್ದಿ ಬಂತು: ಯೆಹೂದಿಗಳ ಪಟ್ಟಿ ಕೇಳಿದ್ದಾರೆ, ಎರಡು ದಿನದಲ್ಲಿ ಊರು ಬಿಡಿ. ಶನಿವಾರ ಬೆಳಿಗ್ಗೆ ಹೇಸರಗತ್ತೆಯ ಮೇಲೆ ನೋನಾರನ್ನು ಕೂರಿಸಿ ಹೊರಟೆವು. ಶನಿವಾರ ಪ್ರಯಾಣ ಮಾಡಬಾರದಲ್ಲವೇ ಎಂದು ನಾನು ಕೇಳಿದೆ. “ದೇವರು ಲೆಕ್ಕ ಕೇಳಿದ್ರೆ ನನ್ನ ಹೆಸರು ಹೇಳು, ನಾನೇ ಉತ್ತರ ಕೊಡ್ತೀನಿ,” ಎಂದರು ನೋನಾ.

ನಾಲ್ವರೂ ಒಂದೇ ಮನೆಯಲ್ಲಿ ಇರುವಂತಿಲ್ಲ. ಎರಡು ಗಂಟೆ ದಾರಿ ಮೇಲಿರುವ ಊರಲ್ಲಿ ಅಪ್ಪ, ಅಮ್ಮ, ನೋನಾ. ನಾನು ಇಲ್ಲಿ, ಅದೇ ಅಸಿಮೀನಾಳ ಮನೆಯಲ್ಲಿ. ಬಾಗಿಲಲ್ಲಿ ನಿಂತು ಅವಳು ನನ್ನನ್ನು ಸಂತೆಯಲ್ಲಿ ಮೇಕೆ ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದಳು.

“ಬಲು ಸಣ್ಣಕವ್ಳೆ. ಏನ್ ತಿನ್ನಿಸ್ತಿದ್ದೆ ಇಲಿಯಾ, ಹತ್ತಿನಾ?”

ಅಪ್ಪ ನಗಲು ಹೋಗಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ನನ್ನ ಹೆಸರು ವಂಗೆಲಿಯೊ. ಅಸಿಮೀನಾಗೆ ಆ ಹೆಸರಿನ, ನನ್ನದೇ ವಯಸ್ಸಿನ ಮಗಳಿದ್ದಾಳಂತೆ. ಊರ ಮುಖಂಡ ಆ ಹೆಸರಲ್ಲಿ ಗುರುತಿನ ಚೀಟಿ ಬರೆದುಕೊಟ್ಟಿದ್ದಾನೆ. ಹೊರಗಿನವರ ಮುಂದೆ ನಾನು ಅಸಿಮೀನಾಳನ್ನು ಅವ್ವ ಎನ್ನಬೇಕು. ಒಮ್ಮೆ ಹೇಳು ನೋಡೋಣ ಎಂದಳು. ಬಾಯಿ ತೆರೆದೆ, ಬರಲಿಲ್ಲ.

“ನಿಮ್ಮ ಮಗಳು ಎಲ್ಲಿ?” ಎಂದು ಕೇಳಿದೆ.

“ದೂರ ಅವ್ಳೆ,” ಎಂದು ಮೇಕೆಯ ಹಾಲು ಕರೆಯಲು ಹೋದಳು.

೧೯ ಅಕ್ಟೋಬರ್ ೧೯೪೩

ಇಲ್ಲಿಯದು ಏನೂ ನನಗೆ ಹಿಡಿಸುತ್ತಿಲ್ಲ. ಮನೆಯೆಲ್ಲ ಮೇಕೆ ವಾಸನೆ. ಬೆಳಿಗ್ಗೆ ಚೆಸ್ಟ್‌ನಟ್ ಎಂಬ ಕಾಡುಕಾಯಿ ಬೇಯಿಸಿದ್ದು, ಮಧ್ಯಾಹ್ನ ಅದನ್ನೇ ಕುಟ್ಟಿದ್ದು, ಸಂಜೆ ಅದೇ ಸುಟ್ಟಿದ್ದು. ಆ ಹೆಂಗಸು ಬೆಳಗಾದರೆ ಬೈಗುಳದಿಂದಲೇ ಶುರು ಮಾಡುತ್ತಾಳೆ. ಆ ಕಾಯಿಯ ಮುಳ್ಳಿನ ಸಿಪ್ಪೆ ಬಿಡಿಸಲು ಬಾರದೆ ನನ್ನ ಬೆರಳೆಲ್ಲ ರಕ್ತ.

“ಪಟ್ಣದ ರಾಣಿ, ಕಾಲಲ್ಲಿ ತುಳಿದು ಬಿಡಿಸು, ಕೈಯಲ್ಲಲ್ಲ,” ಎಂದಳು. ನಂತರ ಬೆರಳಿಗೆ ಮೇಣ ಸವರಿ ಬಟ್ಟೆ ಸುತ್ತಿದಳು. ಧನ್ಯವಾದ ಎಂದೆ.

“ಮಗಳು ಅವ್ವಂಗೆ ಹಂಗೆಲ್ಲ ಹೇಳಲ್ಲ. ಹೇಳಿದ್ರೆ ಸಿಕ್ಕಿಬೀಳ್ತೀಯ.”

ಆ ಮಾತು ಹೇಳುವಂತಿಲ್ಲ ಎಂಬುದೊಂದೇ ಈ ಮನೆಯಲ್ಲಿ ನನಗೆ ಹಿಡಿಸಿದ ಸಂಗತಿ.

೨ ಡಿಸೆಂಬರ್ ೧೯೪೩

ಹಿಮ ಬಿತ್ತು. ಅಸಿಮೀನಾ ನನಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾಳೆ, ಅಪ್ಪನಿಗಾಗಿ ಎತ್ತಿಟ್ಟಿದ್ದ ಅದೇ ಪಾತ್ರೆ. ಹೀಗಂತ ನನಗೆ ಯಾವತ್ತೂ ಹೇಳಿಲ್ಲ. ಪಕ್ಕದ ಮನೆಯವಳು ಆ ಪಾತ್ರೆ ಕೇಳಲು ಬಂದಾಗ, “ಅದು ಕೊಡಕ್ಕಾಗಲ್ಲ, ತೂತು ಐತೆ” ಎಂದಳು. ಅದರಲ್ಲಿ ತೂತೇನೂ ಇಲ್ಲ. ಒಲೆಯ ಮುಂದೆ ಕೂತು ನಾನು ಬಹಳ ಹೊತ್ತು ಆ ಪಾತ್ರೆಯನ್ನೇ ನೋಡಿದೆ.

೧೪ ಜನವರಿ ೧೯೪೪

ಬೆಳಿಗ್ಗೆ ಜರ್ಮನರು ಬಂದರು. ಅಕ್ಷರ ಸೊಟ್ಟಗಾದರೂ ಬರೆಯುತ್ತೇನೆ.

ಎಲ್ಲರನ್ನೂ ಚರ್ಚಿನ ಮುಂದಿನ ದೊಡ್ಡ ಮರದ ಕೆಳಗೆ ನಿಲ್ಲಿಸಿದರು. ಜೊತೆಗೊಬ್ಬ ದುಭಾಷಿ, ಬೇರೆ ಊರಿನ ಗ್ರೀಕ್, ಕಾಲಲ್ಲಿ ಒಳ್ಳೆಯ ಚರ್ಮದ ಬೂಟು. ಪಾದ್ರಿಯ ಬಳಿಯಿದ್ದ ಊರಿನ ಜನನದ ಪುಸ್ತಕ ತರಿಸಿ ಒಂದೊಂದೇ ಹೆಸರು ಕೂಗಿದ. ವಂಗೆಲಿಯೊ ಎಂದಾಗ ಮುಂದೆ ಬಂದೆ.

“ಊರಿನ ಹುಡುಗಿ ಹಾಗೆ ಕಾಣಲ್ಲವಲ್ಲ. ನಿನ್ನ ಹೆಸರಿನ ಹಬ್ಬ ಯಾವತ್ತು?”

“ಮಾರ್ಚ್ ಇಪ್ಪತ್ತೈದು.” ಇವರಲ್ಲಿ ಪ್ರತಿ ಹೆಸರಿಗೂ ವರ್ಷದಲ್ಲೊಂದು ಹಬ್ಬದ ದಿನವಿದೆ, ಅಸಿಮೀನಾ ಬಾಯಿಪಾಠ ಮಾಡಿಸಿದ್ದಳು.

“ಯಾರ ಮಗಳು?”

ಕಲಿತದ್ದೆಲ್ಲ ಹಾರಿಹೋಯಿತು. ಅಸಿಮೀನಾ ಹಿಂದೆ ನಿಂತಿದ್ದಳು. ನಾನು ತಿರುಗಿ ಅವಳ ಶಾಲಿನೊಳಗೆ ಮುಖ ತುರುಕಿ, “ಅವ್ವ, ಚಳಿ ಆಗ್ತಿದೆ, ಮನೆಗೆ ಹೋಗೋಣ,” ಎಂದೆ. ಅದು ನಟನೆಯಾಗಿರಲಿಲ್ಲ, ನಿಜಕ್ಕೂ ಚಳಿಯಾಗುತ್ತಿತ್ತು.

“ತಡಿ ಮಗ, ಸಾಹೇಬ್ರ ಕೆಲ್ಸ ಮುಗೀಲಿ,” ಎಂದು ಶಾಲನ್ನು ನನ್ನ ತಲೆಯ ಮೇಲೆ ಎಳೆದಳು.

ದುಭಾಷಿ ಸಿಗರೇಟು ಹಚ್ಚಿ ಚರ್ಚಿನ ಪಕ್ಕದ ಸಮಾಧಿಗಳ ನಡುವೆ ನಡೆಯತೊಡಗಿದ. ಪ್ರತಿ ಶಿಲುಬೆಯ ಮುಂದೆ ನಿಂತು ಹೆಸರು ಓದುತ್ತಿದ್ದ. ಅವನಿಗೆ ಅಲ್ಲೇನು ಕೆಲಸವೋ. ಕೊನೆಯ ಸಾಲಿನವರೆಗೂ ಹೋಗಿ, ಸಿಗರೇಟು ಎಸೆದು ಬಂದು, “ಸರಿ” ಎಂದ. ಮಧ್ಯಾಹ್ನದೊಳಗೆ ಎಲ್ಲರೂ ಹೊರಟುಹೋದರು.

ಮನೆಗೆ ಬಂದು ಅವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಬೂಟಿನ ದಾರ ಬಿಚ್ಚಲೂ ಅವಳಿಗೆ ಆಗಲಿಲ್ಲ. ನಾನೇ ಬಿಚ್ಚಿದೆ, ಕಾಲಿಗೆ ಬಿಸಿನೀರು ಹಾಕಿದೆ. ಮೇಕೆಗಳ ಹಾಲನ್ನೂ ಇವತ್ತು ನಾನೇ ಕರೆದೆ.

೨೦ ಫೆಬ್ರವರಿ ೧೯೪೪, ಭಾನುವಾರ

ನಿನ್ನೆ ನಡೆದದ್ದನ್ನು ನಿನ್ನೆಯೇ ಬರೆಯಬೇಕೆಂದು ಒದ್ದಾಡಿದೆ. ಶನಿವಾರ, ಆದ್ದರಿಂದ ಬರೆಯಲಿಲ್ಲ. ಬರೆಯದೆ ಇದ್ದದ್ದೂ ಒಳ್ಳೆಯದೇ ಆಯಿತು.

ನಿನ್ನೆ ಇವರಲ್ಲಿ ಸತ್ತವರ ಶನಿವಾರ. ಹೆಂಗಸರೆಲ್ಲ ಗೋಧಿ ಬೇಯಿಸಿ, ದಾಳಿಂಬೆ ಬೀಜ ಉದುರಿಸಿ, ತಟ್ಟೆ ಹಿಡಿದು ತಮ್ಮ ತಮ್ಮವರ ಸಮಾಧಿಗೆ ಹೋಗುತ್ತಾರೆ. ಅವ್ವ ಗಂಡನ ಸಮಾಧಿಗೆ ಹೋದಳು, ದೀಪ ಹಚ್ಚಿದಳು. ಆಮೇಲೆ ಪಕ್ಕದಲ್ಲಿ ಬರಿ ಹುಲ್ಲಿದ್ದ ಜಾಗದಲ್ಲಿ ಬಗ್ಗಿ, ಒಂದು ಹಿಡಿ ಗೋಧಿ ಇಟ್ಟಳು. ಅಲ್ಲಿ ದೀಪ ಹಚ್ಚಲಿಲ್ಲ.

“ಇಲ್ಲಿ ಯಾರಿದ್ದಾರೆ?” ಎಂದೆ.

“ನೀನೇ ಕಣೆ,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವ್ವ ನೆಲದ ಮೇಲೆ ಕೂತು, ನನ್ನನ್ನೂ ಕೂರಿಸಿಕೊಂಡು ಹೇಳಿದಳು. ವಂಗೆಲಿಯೊ ದೂರದ ಊರಲ್ಲಿ ಇಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗ ಜ್ವರ ಬಂದು ಐದೇ ದಿನದಲ್ಲಿ ಹೋದಳು. ನಾನು ಬಂದ ಮರುದಿನವೇ ಅವ್ವ ಅವಳ ಶಿಲುಬೆ ಕಿತ್ತು, ಹಿಟ್ಟಿನ ಪೆಟ್ಟಿಗೆಯ ಹಿಂದೆ ಇಟ್ಟಳು. ಸುತ್ತ ಇಟ್ಟಿದ್ದ ಕಲ್ಲುಗಳನ್ನು ಪಾದ್ರಿಯೇ ತೆಗೆದು ಹುಲ್ಲು ಹಾಸಿದರು. ಆಮೇಲೆ ಒಂದು ದಿನವೂ ದೀಪ ಹಚ್ಚಿಲ್ಲ. ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದೆ.

ಬೂಟಿನ ದುಭಾಷಿ ಸಮಾಧಿಗಳಲ್ಲಿ ಹುಡುಕಿದ್ದು ನನ್ನ ಹೆಸರನ್ನು.

“ಶಿಲುಬೆ ವಾಪಸ್ ನೆಡಿ,” ಎಂದೆ. “ನಾನು ಅಪ್ಪನ ಹತ್ರ ಹೋಗ್ತೀನಿ. ನನ್ನಿಂದ ಅವಳಿಗೆ ದೀಪವೂ ಇಲ್ಲದ ಹಾಗಾಯ್ತು.”

“ಸುಮ್ನಿರು. ಅವಳಿಗೆ ಹೆಸರಿಂದ ಇನ್ನೇನಾಗ್ಬೇಕು? ನಿಂಗೆ ಬೇಕು.” ತಟ್ಟೆ ಎತ್ತಿಕೊಳ್ಳುತ್ತ, “ಕೊಡು ಅಂದಿದ್ರೆ ಅವ್ಳೇ ಕೊಡ್ತಿದ್ಲು. ಕೈ ಧಾರಾಳ, ನನ್ನಂಗಲ್ಲ,” ಎಂದಳು.

ಧನ್ಯವಾದ ಹೇಳಲು ಬಾಯಿ ತೆರೆದೆ. ಹೇಳಬಾರದೆಂದು ಅವಳೇ ಮಾಡಿದ ನಿಯಮ. ಆ ಮಾತು ಹೇಳಲಾಗದ್ದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

೫ ಮಾರ್ಚ್ ೧೯೪೪

ಅಪ್ಪ ಬಂದಿದ್ದರು. ನೋನಾರ ಕೆಮ್ಮು ಬೆಟ್ಟದ ಚಳಿಗೆ ಜಾಸ್ತಿಯಾಗಿ, ಹೋದ ವಾರ ವೋಲೋಸಿನ ಮನೆಗೆ ವಾಪಸ್ ಹೋದರಂತೆ. ಮುದುಕರು ಹಲವರು ಹೀಗೆಯೇ ಇಳಿದು ಹೋಗಿದ್ದಾರಂತೆ, ಊರು ಐದು ತಿಂಗಳಿಂದ ಸದ್ದಿಲ್ಲದೆ ಇದೆಯಂತೆ. ಕೆಳಗಿನ ಸ್ತಮಾತಿಯಾ ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ತನ್ನ ಮನೆಯ ಒಲೆಯ ಪಕ್ಕ ಹಾಸಿಗೆ ಹಾಕಿಕೊಟ್ಟಿದ್ದಾಳೆ.

ದೇವರು ದೊಡ್ಡವನು. ನೋನಾಗೆ ಬೆಚ್ಚಗಿನ ಕೋಣೆ ಸಿಕ್ಕಿತು. ಸ್ತಮಾತಿಯಾಳನ್ನು ಮುಂದೆ ನೋಡಿದಾಗ ನಾನು ಬಾಗಿಲ ಹಿಂದೆ ನಿಲ್ಲುವುದಿಲ್ಲ.

೨೬ ಮಾರ್ಚ್ ೧೯೪೪, ಭಾನುವಾರ

ನಿನ್ನೆ ವಂಗೆಲಿಯೊಳ ಹೆಸರಿನ ಹಬ್ಬ. ಅಂದರೆ ನನ್ನದು.

ಬೆಳಿಗ್ಗೆಯೇ ಅವ್ವ ಚೆಸ್ಟ್‌ನಟ್ ಹಿಟ್ಟಿಗೆ ದ್ರಾಕ್ಷಿ ಪಾಕ ಸುರಿದು ಸಿಹಿ ಮಾಡಿದಳು. ಪಾಕ ಎಲ್ಲಿ ಬಚ್ಚಿಟ್ಟಿದ್ದಳೋ, ಯುದ್ಧಕ್ಕಿಂತ ಹಳೆಯದಂತೆ. ಒಬ್ಬರಾದ ಮೇಲೊಬ್ಬರು ಬಂದರು. ಒಬ್ಬಳು ನಾಲ್ಕು ಅಕ್ರೋಟು, ಒಬ್ಬಳು ಒಂದು ಮೊಟ್ಟೆ. “ನೂರು ವರ್ಷ ಬಾಳು ವಂಗೆಲಿಯೊ” ಎಂದು ಎಲ್ಲರೂ ನನ್ನ ಕೆನ್ನೆ ಹಿಡಿದು ಹೇಳಿದರು. ಹೊರಗಿನವರು ಯಾರೂ ಇರಲಿಲ್ಲ, ಯಾರಿಗೂ ನಾಟಕದ ಅಗತ್ಯ ಇರಲಿಲ್ಲ. ಪಕ್ಕದ ಮನೆಯ ಮುದುಕಿ ಹಾರೈಸುತ್ತ ಅವ್ವನ ಕಡೆ ನೋಡಿ ಮಾತು ನಿಲ್ಲಿಸಿದಳು. ಅವ್ವ, “ಹೇಳು ಹೇಳು, ಪೂರ್ತಿ ಹೇಳು. ಈ ಮನೇಲಿ ಆ ಮಾತು ಕೇಳಿ ಏಳು ವರ್ಷಾತು,” ಎಂದಳು.

ನಾನು ಎರಡು ಸಲ ಸಿಹಿ ತಿಂದೆ. ಮುದುಕಿಯ ಮಗಳು ಹಾಡಿದಳು, ನಾವೆಲ್ಲ ಕೈ ಹಿಡಿದು ಅಂಗಳದಲ್ಲಿ ಸುತ್ತು ಹಾಕಿದೆವು. ಇಷ್ಟು ಜನ ನನಗೆ ಬದುಕು ಎಂದು ಹೇಳಿದ ದಿನ ಇನ್ನೊಂದಿಲ್ಲ. ಸಂಜೆ ಮೇಕೆಗಳಿಗೂ ಒಂದೊಂದು ಚೂರು ಸಿಹಿ ಕೊಟ್ಟೆ.

೨ ಏಪ್ರಿಲ್ ೧೯೪೪

ನೋನಾರನ್ನು ಹಿಡಿದುಕೊಂಡು ಹೋದರು.

ಶುಕ್ರವಾರ, ಮಾರ್ಚ್ ಇಪ್ಪತ್ನಾಲ್ಕು. ನಾನು ಸಿಹಿ ತಿಂದದ್ದರ ಹಿಂದಿನ ದಿನ.

೪ ಏಪ್ರಿಲ್ ೧೯೪೪

ಅಪ್ಪ ಹೇಳಿದ್ದನ್ನು ಪೂರ್ತಿ ಬರೆದಿಡಬೇಕು.

ಬೆಳಕು ಹರಿಯುವ ಮೊದಲೇ ಜರ್ಮನರು ಮನೆ ಮನೆಗೆ ಬಂದರು. ಸ್ತಮಾತಿಯಾ ಬಾಗಿಲಿಗೆ ಅಡ್ಡ ನಿಂತು, “ಇದು ನಮ್ಮಮ್ಮ, ಹುಷಾರಿಲ್ಲ,” ಎಂದಳಂತೆ. ಅವರು ನೋನಾರ ಹೆಸರು ಕೇಳಿದರು. ನೋನಾಗೆ ಗ್ರೀಕ್ ಬಾರದು. ಎಂಬತ್ತು ವರ್ಷ ನಮ್ಮ ಹಿರಿಯರು ಸ್ಪೇನಿನಿಂದ ತಂದ ಮಾತಿನಲ್ಲೇ ಬದುಕಿದವರು. ಯಾರೋ ಮನೆಗೆ ಬಂದಿದ್ದಾರೆ ಎಂದುಕೊಂಡು, ‘ಬನ್ನಿ, ಕೂತ್ಕೊಳ್ಳಿ’ ಎಂದು ನಮ್ಮ ಮಾತಿನಲ್ಲೇ ಹೇಳಿದರಂತೆ. ಅಷ್ಟೇ. ಸ್ತಮಾತಿಯಾಳನ್ನು ಬಂದೂಕಿನ ಹಿಡಿಯಿಂದ ತಳ್ಳಿದರು, ಅವಳ ಭುಜದ ಮೂಳೆ ಮುರಿದಿದೆ. ಅವಳು ಅಪ್ಪನಿಗೆ ಹೇಳಿ ಕಳಿಸಿದ್ದು ಏನೆಂದರೆ, ಕ್ಷಮಿಸಿ.

ಅವಳು ಕ್ಷಮೆ ಕೇಳಿದಳಂತೆ. ಸಾರಿನ ಬೋಗುಣಿ ತಂದವಳು.

ಆ ದಿನ ನಾನು ಯಾಕೆ ಕುಣಿದೆ ಎಂದು ಅವ್ವನನ್ನು ಕೇಳಿದೆ. ಸಮಾಧಾನದ ಮಾತು ಆಡುವವಳಲ್ಲ ಅವಳು. “ನಿಂಗೆ ಗೊತ್ತಿರ್ಲಿಲ್ಲ,” ಎಂದಳು. “ಗೊತ್ತಿದ್ರೆ ನಿಮ್ಮ ಅಜ್ಜಿನೇ ಕುಣಿ ಅಂತಿದ್ಲು. ಬಾ, ಹಾಲು ಕರಿ, ಮೇಕೆ ಕಾಯ್ತಾವೆ.”

ನಾನು ಹೋಗಿ ಕರೆದೆ.

೧೭ ಆಗಸ್ಟ್ ೧೯೪೪

ಅಪ್ಪ ಹದಿನೈದು ದಿನ ಇಲ್ಲೇ ಇದ್ದರು. ಊರಿನ ರಜಾಯಿಗಳನ್ನೆಲ್ಲ ಬಿಚ್ಚಿ ಹತ್ತಿ ಹಿಂಜಿದೆವು. ಹತ್ತಿ ಹಿಂಜುವ ಬಿಲ್ಲು ಮೀಟುವುದನ್ನು ನನಗೂ ಕಲಿಸಿದರು. ಕಿವಿ, ಮೂಗು, ಬಾಯಿ ಎಲ್ಲ ಕಡೆ ಹತ್ತಿ. ಹಾಗೆಯೇ ನಾವಿಬ್ಬರೂ ನೀರಿನ ತೊಟ್ಟಿಯವರೆಗೆ ನಡೆದು ಹೋದೆವು, ನಾನು ಅಪ್ಪನ ಕೈ ಹಿಡಿದಿದ್ದೆ. “ಬಂದ್ರು ನೋಡ್ರೇ ಎರಡು ಕುರಿ,” ಎಂದು ಹೆಂಗಸರು ನಕ್ಕರು. ಅಪ್ಪ ಏಪ್ರಿಲಿನಿಂದ ಈಚೆ ಮೊದಲ ಸಲ ನಕ್ಕರು.

೨೫ ಅಕ್ಟೋಬರ್ ೧೯೪೪

ಜರ್ಮನರು ವೋಲೋಸ್ ಬಿಟ್ಟು ಹೋದರು. ಗಂಟೆ ಬಾರಿಸಿ ಬಾರಿಸಿ ಪಾದ್ರಿಯ ಅಂಗೈ ಸುಲಿದಿದೆ. ನಾನು ಓಡಿಹೋಗಿ ಹಿಟ್ಟಿನ ಪೆಟ್ಟಿಗೆಯ ಹಿಂದಿನಿಂದ ಶಿಲುಬೆ ಎಳೆದೆ. ಅವ್ವ ನನ್ನ ಕೈ ಹಿಡಿದಳು.

“ಇರ್ಲಿ ಅಲ್ಲೇ.”

“ಅವರು ಹೋದ್ರಲ್ಲ, ಅವ್ವ.”

“ಬರೋದೂ ಗೊತ್ತು ಅವ್ರಿಗೆ, ಹೋಗೋದೂ ಗೊತ್ತು. ಯುದ್ಧ ಎಲ್ಲಾ ಕಡೆ ನಿಲ್ಲೋವರ್ಗೂ ನೀ ವಂಗೆಲಿಯೊನೇ.”

ಮುಂದಿನ ವಾರ ಅಪ್ಪ ಅಮ್ಮನ ಜೊತೆ ನಾನು ಊರಿಗೆ ಇಳಿಯಬೇಕು. ಊರಿನ ಹೆಸರು ಬರೆಯಬಹುದು ಈಗ. ಯಾಕೋ ಬೇಡ ಅನ್ನಿಸುತ್ತದೆ, ಇವರ ಗುಟ್ಟು ಇವರದ್ದಾಗಿಯೇ ಇರಲಿ.

೩೦ ಮೇ ೧೯೪೫. ವೋಲೋಸ್

ಪೋಲೆಂಡಿನಿಂದ ಬದುಕಿ ಬಂದವನೊಬ್ಬ ಥೆಸಲೊನೀಕಿಯಿಂದ ಇಲ್ಲಿಗೆ ಬಂದಿದ್ದ. ಕೈಮೇಲೆ ಅಲ್ಲಿಯ ಶಿಬಿರದಲ್ಲಿ ಹಾಕಿದ ಹಚ್ಚೆಯ ಅಂಕಿ. ಅಪ್ಪ ಅವನಿಗೆ ನೋನಾರ ವಯಸ್ಸು ಹೇಳಿದರು. ವಯಸ್ಸಾದವರನ್ನು ರೈಲಿನಿಂದ ಇಳಿದ ದಿನವೇ ಕೊಂದರು, ಸುಟ್ಟರು ಎಂದ. ಚಿಕ್ಕಮ್ಮ ರೈನಾಳ ಬೀದಿಯವರು ಯಾರಾದರೂ? ತಲೆ ಅಲ್ಲಾಡಿಸಿದ.

ಸ್ತಮಾತಿಯಾ ಮೇಲೆ ಬಂದು ಅಮ್ಮನ ಪಕ್ಕ ಕೂತಳು. ಅವಳ ಎಡಗೈ ಈಗ ಮೇಲೆತ್ತಲು ಬರುವುದಿಲ್ಲ. ಅವಳ ಮನೆಯ ನೀರನ್ನು ದಿನಾ ನಾನೇ ತುಂಬಿಸುತ್ತೇನೆ.

೨೪ ಜೂನ್ ೧೯೪೫, ಭಾನುವಾರ. ಬೆಟ್ಟದ ಊರು

ಶುಕ್ರವಾರವೇ ಮೂವರೂ ಹತ್ತಿ ಬಂದೆವು. ನಿನ್ನೆ ಮತ್ತೆ ಸತ್ತವರ ಶನಿವಾರ, ಈ ವರ್ಷದ ಕೊನೆಯದು. ಯುರೋಪಿನ ಎಲ್ಲ ಕಡೆ ಯುದ್ಧ ನಿಂತು ಒಂದೂವರೆ ತಿಂಗಳಾಯಿತು.

ಶನಿವಾರ ನಾವು ಕೆಲಸ ಮಾಡುವಂತಿಲ್ಲ, ನಿನ್ನೆ ಅವ್ವ ಬರಿ ದೀಪ ಹಚ್ಚಿದಳು. ಇವತ್ತು ಬೆಳಿಗ್ಗೆ ಅಪ್ಪ ಗುಣಿ ತೋಡಿದರು, ಪಾದ್ರಿ ಶಿಲುಬೆ ಹಿಡಿದರು, ಅಮ್ಮ ಮಣ್ಣು ತುಂಬಿದಳು. ಮಳೆ ಬಿಸಿಲು ಕಾಣದೆ ಇದ್ದುದರಿಂದ ಹೆಸರಿನ ಬಣ್ಣ ಹಾಗೇ ಇದೆ. ಇಪ್ಪತ್ತು ತಿಂಗಳು ನಾನು ತೊಟ್ಟಿದ್ದ ಹೆಸರು. ಅವ್ವ ತಲೆವಸ್ತ್ರದ ಅಂಚಿನಿಂದ ಒಂದೊಂದೇ ಅಕ್ಷರ ಒರೆಸಿದಳು. ನಾನು ಒಂದು ಸಣ್ಣ ಕಲ್ಲು ಆರಿಸಿ ತಂದು ಶಿಲುಬೆಯ ಬುಡದಲ್ಲಿಟ್ಟೆ.

“ಅದ್ಯಾಕೆ ಕಲ್ಲು?” ಎಂದಳು ಅವ್ವ.

“ನಮ್ಮಲ್ಲಿ ಹಾಗೆ. ಬಂದಿದ್ವಿ, ಮರೆತಿಲ್ಲ ಅಂತ.”

“ನಿಮ್ಮಜ್ಜಿಗೆ ಎಲ್ಲಿಟ್ರಿ?”

ಅಪ್ಪ ಕೈಯ ಮಣ್ಣು ನೋಡುತ್ತ ನಿಂತರು. ನಾನೇ ಹೇಳಬೇಕಾಯಿತು. “ನೋನಾಗೆ ಜಾಗ ಇಲ್ಲ ಅವ್ವ. ಏನೂ ಉಳಿಸಿಲ್ಲ.”

ಅವ್ವ ಶಿಲುಬೆಯ ಪಕ್ಕದ ಹುಲ್ಲನ್ನು ಹಿಮ್ಮಡಿಯಿಂದ ಕೆರೆದು, ಒಂದು ಗೇಣು ನೆಲ ಬಿಡಿಸಿದಳು.

“ಇಲ್ಲಿಡಿ. ಹುಡುಗಿ ಎಂಟೊಂಬತ್ತು ವರ್ಷದಿಂದ ಒಬ್ಳೇ ಅವ್ಳೆ. ಒಬ್ರು ಅಜ್ಜಿ ಇದ್ರೆ ಒಳ್ಳೇದು.”

ಯೆಹೂದಿಯ ಕಲ್ಲನ್ನು ಇಲ್ಲಿಡಲು ಬಿಡುತ್ತಾರೋ ಎಂದು ಪಾದ್ರಿಯ ಮುಖ ನೋಡಿದೆ. ಅವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ನಮ್ಮಮ್ಮನಿಗೆ ಗ್ರೀಕ್ ಬರಲ್ಲ ಅಸಿಮೀನಾ,” ಎಂದರು ಅಪ್ಪ.

“ಬರ್ದಿದ್ರೆ ನಮ್ಮ ಹುಡುಗಿ ಕಲಿಸ್ತಾಳೆ. ಬೇಕಾದಷ್ಟು ಹೊತ್ತೈತೆ ಇಬ್ರಿಗೂ.”

ಅಪ್ಪ ಹಳ್ಳಕ್ಕಿಳಿದು ಹೋದರು. ಬಹಳ ಹೊತ್ತಾದ ಮೇಲೆ, ನೀರಿನಲ್ಲಿ ತೊಳೆದ ಒಂದು ಬಿಳಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಅದನ್ನು ಇಳಿಸಲು ಅವರ ಜೊತೆ ಅವ್ವ ಕೈಜೋಡಿಸಿದಳು.